ಆವೃತ್ತಿ ಸಂಖ್ಯೆ ಬರೆಯದ ಭರತದ ಲೆಕ್ಕ

ತಾಳಕುದ್ರು, ೯ ಆಗಸ್ಟ್ ೨೨೧೪

ನಾಳೆ ಮಧ್ಯಾಹ್ನದ ಭರತಕ್ಕೆ, ಅಂದರೆ ಕಡಲಿನ ಉಬ್ಬರಕ್ಕೆ, ಹೊಳೆಯ ನೀರು ೩.೪ ಮೀಟರಿಗೆ ಏರಲಿದೆ. ತಾಳಕುದ್ರುವಿನ ದಂಡೆಯ ಎತ್ತರ ೩.೨ ಮೀಟರ್. ಇದನ್ನು ಇಂದು ಸಭೆಗೆ ವರದಿ ಮಾಡಿದವಳು ನಾನು, ಇಲ್ಲಿನ ತಂತ್ರಾಂಶಗಳ ಆವೃತ್ತಿಗಳನ್ನು ನೋಡಿಕೊಳ್ಳುವ ಆವೃತ್ತಿಪಾಲಕಿ ವಾರಿಜಾ. ನಿನ್ನೆ ಬೆಳಿಗ್ಗೆ ಇದೇ ಸಭೆಗೆ ೨.೮ ಮೀಟರ್ ಎಂದೂ ಯಾರೂ ಮನೆ ಬಿಡಬೇಕಿಲ್ಲ ಎಂದೂ ಹೇಳಿದವಳೂ ನಾನೇ.

ಇನ್ನೂರು ವರ್ಷ ಹಿಂದೆ ಕುಳಿತು ವೈಜ್ಞಾನಿಕ ತಂತ್ರಾಂಶ ಬರೆಯುತ್ತಿರುವ ನಿಮಗೆ ಈ ಪತ್ರ. ತಲುಪುವ ದಾರಿ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ನಮ್ಮ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ನಮ್ಮದರಲ್ಲಿ ೨೧೨ ಮಂದಿ ಇದ್ದಾರೆ. ವಿದ್ಯುತ್ತು ದಿನಕ್ಕೆ ಐದು ಗಂಟೆ. ಅದರಲ್ಲಿ ಎರಡು ಗಂಟೆ ಬಾವಿಯ ಉಪ್ಪು ತೆಗೆಯಲು ಹೋಗುತ್ತದೆ. ಉಳಿದದ್ದರಲ್ಲಿ ಗಣಕ ನಡೆಯಬೇಕು. ಹೀಗಾಗಿ ಊರಿಗೊಂದೇ ಕಣಜ ಎಂಬ ನಿಯಮವಿದೆ. ಕಣಜ ಎಂದರೆ ತಂತ್ರಾಂಶಗಳು ಹಂಚಿಕೊಳ್ಳುವ ಲೈಬ್ರರಿಗಳ ಉಗ್ರಾಣ. ಅದರಲ್ಲಿ ಒಂದು ಲೈಬ್ರರಿಯ ಒಂದೇ ಆವೃತ್ತಿ ಇರಬಹುದು. ಬಾವಿಯ ತಂತ್ರಾಂಶಕ್ಕೆ ಅಂಕಿಗಣಿತದ ಲೈಬ್ರರಿಯ ನಾಲ್ಕನೇ ಆವೃತ್ತಿ ಬೇಕು; ಅದಿಲ್ಲದೆ ಕುಡಿಯುವ ನೀರಿಲ್ಲ. ಭರತ ಲೆಕ್ಕ ಹಾಕುವ ತಂತ್ರಾಂಶ ನಿಮ್ಮ ಕಾಲದ್ದು. ಅದನ್ನು ಬರೆದವರು ಬೇಕಾದ ಲೈಬ್ರರಿಗಳ ಹೆಸರುಗಳನ್ನು ಪಟ್ಟಿ ಮಾಡಿದ್ದಾರೆ. ಆವೃತ್ತಿ ಸಂಖ್ಯೆ ಒಂದನ್ನೂ ಬರೆದಿಲ್ಲ.

ಈ ನಿಯಮಕ್ಕಿಂತ ಹಿಂದಿನ, ತನ್ನದೇ ಲೈಬ್ರರಿಗಳಿದ್ದ ಹಳೆಯ ಯಂತ್ರ ಕೆಟ್ಟಿದ್ದರಿಂದ ಮೊನ್ನೆ ಭರತದ ತಂತ್ರಾಂಶವನ್ನು ಹೊಸದಾಗಿ ಅನುಸ್ಥಾಪಿಸಿದೆ. ಸಂಖ್ಯೆ ಇಲ್ಲದ ಕಡೆ ಅದು ಕಣಜದಲ್ಲಿದ್ದ ನಾಲ್ಕನ್ನೇ ತೆಗೆದುಕೊಂಡಿತು. ದೋಷದ ಸಂದೇಶ ಬರಲಿಲ್ಲ.

ಜನರ ಮೇಲೆ ಪರಿಣಾಮ ಬೀರುವ ಯಾವ ಲೆಕ್ಕವನ್ನೂ ವಾಚನವಿಲ್ಲದೆ ಒಪ್ಪಿಕೊಳ್ಳುವುದು ನಮ್ಮಲ್ಲಿಲ್ಲ. ಯಾವ ಲೈಬ್ರರಿಯ ಯಾವ ಆವೃತ್ತಿಯನ್ನು ತಂತ್ರಾಂಶ ಕೇಳಿದೆ, ಯಾವ ಅಳತೆಗಳನ್ನು ಬಳಸಿದೆ ಎಂದು ಪಾಲಕಿ ಸಭೆಯ ಮುಂದೆ ಗಟ್ಟಿಯಾಗಿ ಓದಬೇಕು. ತಿಳಿಯದಿದ್ದರೆ ‘ಗೊತ್ತಿಲ್ಲ’ ಎನ್ನಬೇಕು. ನಿನ್ನೆ ನಾನು ತಂತ್ರಾಂಶದ ಪಟ್ಟಿ ನೋಡದೆ, ಕಣಜದಲ್ಲಿದ್ದದ್ದನ್ನು ನೋಡಿ ‘ನಾಲ್ಕು’ ಎಂದು ಓದಿದೆ. ಒಂದೇ ಕಣಜಕ್ಕೆ ಒಗ್ಗಿದ ಕಣ್ಣು. ನಂತರ ಒಂದು ತಿಂಗಳ ನೀರಿನ ಮಟ್ಟ ಓದುತ್ತಾ ಹೋದೆ. ಒಂದು ಕಡೆ ಸಾಲಾಗಿ ಹನ್ನೊಂದು ಬಾರಿ ‘ಸೊನ್ನೆ’ ಎಂದೆ.

ಹಿಂದಿನ ಸಾಲಿನಲ್ಲಿದ್ದ ದೋಣಿಕಾರ ಶೀನ ಮೊಗವೀರ ಎದ್ದು ನಿಂತ.

“ಹೋಯ್, ಅಳ್ತಿ ಕೋಲ್ ಮುರ್ದ್ ಬಿದ್ದ ಹನ್ನೊಂದ್ ದಿನ ಹೊಳಿ ಒಣ್ಗಿತ್ತಾ ಮಾರಾಯ್ತಿ? ನಾನ್ ದೋಣಿ ಹುಟ್ಟ್ ಹಾಕಿದ್ದ್ ಮರಳ್ ಮೇಲಾ?”

ಸಭೆ ನಕ್ಕಿತು. ಯಂತ್ರ ಯಾವ ತಪ್ಪನ್ನೂ ತೋರಿಸಿಲ್ಲ ಎಂದೆ.

“ತೋರ್ಸುದಿಲ್ಲೆ ಹೆಣ್ಣೇ,” ಎಂದ ಶೀನ. “ನೀರ್ ತೋರ್ಸತ್ತ್.”

ನಾಲ್ಕನೇ ಆವೃತ್ತಿಯ ಬದಲಾವಣೆಗಳ ಟಿಪ್ಪಣಿ ತೆರೆದು ಓದಿದೆ. ಹಳೆಯ ಆವೃತ್ತಿ ಅಳತೆ ಸಿಗದ ದಿನವನ್ನು ಬಿಟ್ಟು ಸರಾಸರಿ ತೆಗೆಯುತ್ತಿತ್ತು. ನಾಲ್ಕನೆಯದು ಆ ದಿನವನ್ನು ಸೊನ್ನೆ ಎಂದು ಸೇರಿಸುತ್ತದೆ. ಮೂವತ್ತು ದಿನಗಳಲ್ಲಿ ಹನ್ನೊಂದು ಸೊನ್ನೆ ಸೇರಿದ್ದರಿಂದ ಕಾಗದದ ಮೇಲೆ ಹೊಳೆ ಅರವತ್ತು ಸೆಂಟಿಮೀಟರ್ ಇಳಿದಿತ್ತು.

ನಾಲ್ಕನ್ನು ತೆಗೆದರೆ ಬಾವಿ ನಿಲ್ಲುತ್ತದೆ. ಇಟ್ಟುಕೊಂಡರೆ ಭರತ ಸುಳ್ಳಾಗುತ್ತದೆ. ಸಭೆ ನಿಯಮ ಮುರಿದು, ಭರತಕ್ಕೆಂದೇ ಪ್ರತ್ಯೇಕ ಕಣಜ ಮಾಡಲು ಒಪ್ಪಿತು. ಒಂದು ದಿನದ ಉಪ್ಪು ತೆಗೆಯುವ ವಿದ್ಯುತ್ತನ್ನು ಜನ ಬಿಟ್ಟುಕೊಟ್ಟರು. ಯಾವ ಹಳೆಯ ಆವೃತ್ತಿ ಎಂಬುದು ಮಾತ್ರ ಗೊತ್ತಿರಲಿಲ್ಲ. ಹಳೆಯ ಡಿಸ್ಕ್‌ಗಳಲ್ಲಿ ಉಳಿದಿದ್ದ ಒಂದೊಂದನ್ನೇ ಹಾಕಿ, ೨೧೯೦ರ ನೆರೆಯನ್ನು ಲೆಕ್ಕ ಹಾಕಿಸಿ, ಆ ವರ್ಷ ಕಡವಿನ, ಅಂದರೆ ದೋಣಿ ಹತ್ತುವ ಜಾಗದ, ಮೆಟ್ಟಿಲ ಮೇಲೆ ಕೊರೆದ ಗುರುತಿಗೆ ಹೋಲಿಸಿದೆವು. ಆರು ಆವೃತ್ತಿಗಳು ಸೋತವು. ಏಳನೆಯದಾಗಿ ಹಾಕಿದ ೨.೬ನೇ ಆವೃತ್ತಿಯ ಲೆಕ್ಕ ಗುರುತಿಗೆ ಎರಡು ಬೆರಳಷ್ಟು ಹತ್ತಿರ ಬಂತು. ಅದೇ ೩.೪ ಮೀಟರ್ ಎಂದದ್ದು. ಹೀಗೆ ಒಂದೂವರೆ ದಿನ ಹೋಯಿತು. ಆ ಹೊತ್ತಿನಲ್ಲಿ ದನಗಳನ್ನೂ ಬೀಜದ ಭತ್ತವನ್ನೂ ದಾಟಿಸಬಹುದಿತ್ತು. ಈಗ ಜನರಿಗಷ್ಟೇ ಸಮಯವಿದೆ.

ತಪ್ಪು ನನ್ನದು. ನಿಮ್ಮಲ್ಲಿ ಕೇಳುವುದು ಇಷ್ಟೇ: ತಂತ್ರಾಂಶ ನಿಮ್ಮ ಮೇಜಿನ ಮೇಲೆ ಸರಿಯಾಗಿ ನಡೆದ ದಿನವೇ, ಯಾವ ಲೈಬ್ರರಿಯ ಯಾವ ಆವೃತ್ತಿಯೊಂದಿಗೆ ನಡೆಯಿತೆಂದು ಅದರ ಜೊತೆಯಲ್ಲೇ ಬರೆದಿಡಿ. ಆ ಆವೃತ್ತಿಗಳನ್ನು ಅಳಿಸಬೇಡಿ.

ಮೊದಲ ದೋಣಿ ನಾಳೆ ಬೆಳಿಗ್ಗೆ ಆರು ಗಂಟೆಗೆ ಮೂಡಣ ಕಡವಿನಿಂದ ಹೊರಡುತ್ತದೆ. ಹಾಸಿಗೆ ಹಿಡಿದ ಒಂಬತ್ತು ಮಂದಿ ಅದರಲ್ಲಿ ಹೋಗುತ್ತಾರೆ. ಹುಟ್ಟು ಹಾಕುವವನು ಶೀನ.