ಹಾಡದೆ ಬಿಟ್ಟ ನುಡಿ

ಬೈಲಹೊಂಗಲ
೧೬ ನವೆಂಬರ್ ೨೦೦೮

ಪ್ರೀತಿಯ ಜೀನತ್,

ನನ್ನ ಅಕ್ಷರ ಕಂಡ ಕೂಡಲೇ ಪಾಕೀಟನ್ನು ಒಲೆಗೆ ಹಾಕಬೇಡ ಮಾರಾಯ್ತಿ. ಹಾಕುವುದೇ ಆದರೆ ಓದಿ ಹಾಕು. ನೀನು ಆರ್ಕುಟ್ ಬಿಟ್ಟೆ, ನನ್ನ ಫೋನು ಎತ್ತುವುದನ್ನೂ ಬಿಟ್ಟೆ. ಉಳಿದದ್ದು ಅಂಚೆಯೊಂದೇ. ಅದೂ ಒಳ್ಳೆಯದೇ ಆಯಿತು. ನಾಲ್ಕು ಜನ ನೋಡುವ ಜಾಗದಲ್ಲಿ ಕ್ಷಮೆ ಕೇಳಲು ಕುಳಿತರೂ ನಾನು ಆ ನಾಲ್ಕು ಜನರಿಗಾಗಿಯೇ ಬರೆದುಬಿಡುತ್ತೇನೆ. ನನ್ನ ಬುದ್ಧಿ ನಿನಗೆ ಗೊತ್ತಿದ್ದದ್ದೇ.

ಹದಿನೈದು ದಿನದ ಹಿಂದೆ ನಿನ್ನ ಯಜಮಾನರು ಅಬ್ರಾರ ಬಂದಿದ್ದರು. ನಾನು ಕೆಲಸ ಮಾಡುವ ಡಿಟಿಪಿ ಅಂಗಡಿಯ ಎದುರು ಟ್ರ್ಯಾಕ್ಸ್ ನಿಲ್ಲಿಸಿದರು. ಚಹಾ ಕುಡಿಯಿರಿ ಎಂದರೂ ಒಳಗೆ ಬರಲಿಲ್ಲ. ಸವದತ್ತಿಯ ಸುಭಾಸ ಮಾಸ್ತರರು ಮಾಡಿದ ಪದಗಳ ಪುಸ್ತಕ ರಾಮದುರ್ಗದ ನಿಮ್ಮ ಮನೆಗೂ ಬಂತಂತೆ. ದಸ್ತಗೀರಜ್ಜನಿಗೆ ಈಗ ಕಣ್ಣು ಕಾಣುವುದಿಲ್ಲವಾದ್ದರಿಂದ ಅಬ್ರಾರ ಅವರೇ ಓದಿ ಹೇಳಿದರಂತೆ. ‘ಬೀಜ ಹೆಚ್ಚೋ ಭೂಮಿ ಹೆಚ್ಚೋ’ ಪದ ಬಂದಾಗ ನಿನ್ನ ಅಜ್ಜ ಎದ್ದು ಕುಳಿತನಂತೆ. ಪದ ಮುಗಿದ ಮೇಲೆ, ಕೆಳಗೆ ಯಾರ ಹೆಸರಿದೆ ಎಂದು ಕೇಳಿದನಂತೆ. ‘ರಚನೆ: ಕಟಕೋಳ ಸಂಗಪ್ಪ’ ಎಂದು ಅಲ್ಲಿದ್ದದ್ದು ನನ್ನ ಅಜ್ಜನ ಹೆಸರು.

ನಿನ್ನ ಅಜ್ಜ “ಇರಲಿ ಬಿಡ್ರಿ. ಸಂಗಪ್ಪ ಹಾಡಿದ್ದಕ್ಕ ಆ ಪದ ಊರೂರು ತಿರಗೇತಿ. ಆದ್ರ ನಾ ಪದ ಬರದು ಸಂಗಪ್ಪಗ ಕೊಟ್ಟ ವಹಿ ಆ ಹುಡುಗಿ ನೋಡಲಿಲ್ಲೇನು?” ಎಂದು ಕೇಳಿದನಂತೆ. ಅಬ್ರಾರ ಆ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟು, ಉತ್ತರಕ್ಕೆಂದು ನಿಂತರು. ನಾನು, “ಇಲ್ರೀ, ಅದು ಅವ್ವನ ಟ್ರಂಕಿನ ತಳದಾಗ ಐತಿ, ತಗದು ನೋಡಾಕ ಆಗಿರಲಿಲ್ಲ” ಎಂದೆ. ಅವರು ತಲೆಯಾಡಿಸಿ ಗಾಡಿ ಹತ್ತಿದರು.

ಕಟಕೋಳದಲ್ಲಿ ನಿಮ್ಮ ಅಂಗಳದಲ್ಲಿ ನಿನ್ನ ಅಜ್ಜ ನಮ್ಮಿಬ್ಬರಿಗೂ ಪದ ಕಲಿಸುತ್ತಿದ್ದ ದಿನಗಳು ನಿನಗೆ ನೆನಪಿರಬೇಕು. ಇವತ್ತು ನಿನಗೆ ಬೀಜದ ಪಕ್ಷ, ನನಗೆ ಭೂಮಿಯ ಪಕ್ಷ. ನಾಳೆ ಅದಲುಬದಲು. ನಿನ್ನೆ ನಾನೇ ಹೀಯಾಳಿಸಿದ ಮಾತನ್ನು ಇವತ್ತು ನಾನೇ ಎತ್ತಿ ಹಾಡಬೇಕು! ಎರಡೂ ಕಡೆ ನಿಂತು ನೋಡದವರಿಗೆ ಪದ ತಿಳಿಯುವುದಿಲ್ಲ ಎಂದು ಅವನ ಲೆಕ್ಕ. ಸವಾಲಿಗೆ ಉತ್ತರ ಹೊಳೆಯದಿದ್ದರೆ ಬಾರಿಸುವ ದಪ್ಪು ನೆಲಕ್ಕಿಟ್ಟು ಸೋಲು ಒಪ್ಪಬೇಕು. ಹಾಗೆ ಇಟ್ಟವರಿಗೆ ಎದುರಿನವರೇ ಉತ್ತರ ಕಲಿಸಬೇಕು, ಕಡೆಗೆ ಇಬ್ಬರೂ ಕೂಡಿ ಮಂಗಳ ಹಾಡಬೇಕು. ನೀನು ಪ್ರಾಮಾಣಿಕಳು, ಗೊತ್ತಿಲ್ಲದಿದ್ದರೆ ಥಟ್ಟನೆ ಇಟ್ಟುಬಿಡುತ್ತಿದ್ದೆ. ನಾನು ಒಂದು ದಿನವೂ ಇಡಲಿಲ್ಲ. ಉತ್ತರ ಬರದಿದ್ದಾಗ ಇನ್ನಷ್ಟು ಜೋರಾಗಿ ಬಾರಿಸುತ್ತಿದ್ದೆ, ನೆರೆದವರು ಕೇಕೆ ಹಾಕುತ್ತಿದ್ದರು. ಅಜ್ಜ ನಗುತ್ತಾ “ಶೈಲಾನ ಕೈ ಜೋರ ಐತಿ, ಕಿವೀನ ಮಂದ” ಎನ್ನುತ್ತಿದ್ದ. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ. ಎಷ್ಟು ಶಾಣ್ಯಾಕಿ ನೋಡು ನಾನು!

ಹೋದ ಜನವರಿಯಲ್ಲಿ ಮಾಸ್ತರರು ಆರ್ಕುಟ್‌ನ ನಮ್ಮೂರ ಪದಗಳ ಗುಂಪಿನಲ್ಲಿ, ಈ ಪದ ಯಾರದು, ಪುಸ್ತಕದಲ್ಲಿ ಯಾರ ಹೆಸರು ಹಾಕಲಿ ಎಂದು ಕೇಳಿದರು. ನಾನು ಎಲ್ಲರಿಗಿಂತ ಮೊದಲು ನಮ್ಮಜ್ಜನದು ಎಂದು ಬರೆದೆ. ಅದು ಸುಳ್ಳಲ್ಲ, ನಾನು ಹಾಗೆಯೇ ನಂಬಿ ಬೆಳೆದವಳು. ನೀನು ಮಾತ್ರ, ‘ಇದನ್ನು ಕಟ್ಟಿದವನು ನನ್ನ ಅಜ್ಜ, ಕೊನೆಯ ನುಡಿಯಲ್ಲಿ ಅವನ ಹೆಸರಿದೆ, ಆ ನುಡಿ ನನಗೆ ಪೂರ್ತಿ ಬಾರದು’ ಎಂದು ಮೆತ್ತಗೆ ಬರೆದೆ. ಅಂದೇ ನನಗೊಬ್ಬಳಿಗೇ ಬೇರೆ ಬರೆದೆ: “ವಹಿ ನಿಮ್ಮ ಮನ್ಯಾಗ ಐತಿ. ಒಮ್ಮೆ ನೋಡಿ ಹೇಳ ಶೈಲಾ. ಇಲ್ಲಂದ್ರ ಇಲ್ಲ ಅನ್ನು, ನಾ ಒಪ್ಪತೇನಿ.” ನನಗೆ ಆ ಸಾಲು ಬಾಯಿಪಾಠವಾಗಿದೆ.

ಅದಕ್ಕೆ ನಾನು ನಿನಗೆ ಉತ್ತರ ಬರೆಯಲಿಲ್ಲ. ಎಲ್ಲರಿಗೂ ಕಾಣುವಂತೆ ಗುಂಪಿನಲ್ಲಿ ಬರೆದೆ:

ಹಾಡಿದವನ ಪದಾ ಊರೆಲ್ಲಾರ ಬಾಯಾಗ ಐತಿ
ಬರದವನ ಪದಾ ಬರೇ ಮೊಮ್ಮಗಳ ಬಾಯಾಗ ಐತಿ

ಅಯ್ಯ ಶಿವನೇ, ಏನು ಖುಷಿ ಆ ಹೊತ್ತಿಗೆ! ಪುಣೆಯವರು, ಹುಬ್ಬಳ್ಳಿಯವರು, ಮುಖ ಕಾಣದವರೆಲ್ಲ ಭಲೆ ಎಂದರು. ಸೈಬರ್ ಕೆಫೆಯಲ್ಲಿ ಮತ್ತೆ ಮತ್ತೆ ಪುಟ ತೆರೆದು ಎಷ್ಟು ಜನ ಬರೆದಿದ್ದಾರೆಂದು ನೋಡುತ್ತಿದ್ದೆ. ನೀನು ವಿಷಯ ಕೇಳುತ್ತಾ ಹೋದೆ, ನಾನು ಪ್ರಾಸ ಕಟ್ಟುತ್ತಾ ಹೋದೆ. ಆಮೇಲೆ ಯಾರೋ ನಿನ್ನ ಹೆಸರು ನೋಡಿ ನಿನ್ನ ಜಾತಿಗೆ ಬಂದರು, ‘ಇವರಿಗೆ ಯಾಕ ನಮ್ಮ ಪದ’ ಎಂದರು. ನನ್ನ ಕಡೆಯವರೇ ಅವರು, ಜೀನತ್. ನಾನು ಒಂದು ಮಾತು ಹೇಳಿದ್ದರೆ ಸುಮ್ಮನಾಗುತ್ತಿದ್ದರು. ಹೇಳಲಿಲ್ಲ, ನನ್ನ ಮೇಳ ಒಡೆಯುತ್ತದೆಂದು ಹೆದರಿದೆ. ಮರುದಿನ ನೋಡಿದರೆ ನಿನ್ನ ಹೆಸರೇ ಇರಲಿಲ್ಲ. ಎದುರು ಪಕ್ಷವೇ ಎದ್ದು ಹೋದ ಮೇಲೆ ಮಂಗಳ ಯಾರ ಜೊತೆ ಹಾಡುವುದು? ಗೆದ್ದೆಯವ್ವಾ ಎಂದು ಎಲ್ಲರೂ ನನಗೆ ಹೇಳಿದರು, ಮಾಸ್ತರರೂ ಬಹಳ ಮಂದಿಯ ಮಾತೆಂದು ನಂಬಿ ಅಚ್ಚು ಹಾಕಿಸಿದರು.

ಅಬ್ರಾರ ಹೋದ ದಿನ ಸಂಜೆ ಟ್ರಂಕು ತೆಗೆದು ನೋಡಿದೆ. ನಿನ್ನ ಅಜ್ಜನದೇ ಅಕ್ಷರ, ನೀಲಿ ಮಸಿ, ಕೊನೆಯ ನುಡಿ ಹೀಗಿದೆ:

ಕಟಕೋಳ ಊರಾಗ ಕಟ್ಟೇನಿ ಈ ಪದಾ
ದಸ್ತಗೀರ ಹೇಳತಾನ, ತಿಳಿದವ್ರು ತಿದ್ದರಿ ತಪ್ಪಾ

ನಮ್ಮಜ್ಜ ಈ ನುಡಿಯನ್ನು ಯಾಕೆ ಹಾಡದೆ ಬಿಟ್ಟನೋ ಗೊತ್ತಿಲ್ಲ. ಅಷ್ಟೊತ್ತಿಗೆ ಜನ ಕಂಬಳಿ ಕೊಡವಿ ಏಳುತ್ತಿದ್ದರು, ಅದಕ್ಕೇ ಇದ್ದೀತು ಎನ್ನುತ್ತಾಳೆ ಅವ್ವ. ಅವನ ಪರವಾಗಿ ನಾನು ಇನ್ನು ವಾದ ಮಾಡುವುದಿಲ್ಲ.

ವಹಿ ತೆಗೆದುಕೊಂಡು ಸವದತ್ತಿಗೆ ಹೋದೆ. ಮಾಸ್ತರರು ಓದಿ ತಲೆಯ ಮೇಲೆ ಕೈಯಿಟ್ಟುಕೊಂಡರು. ‘ರಚನೆ: ದಸ್ತಗೀರಸಾಬ, ಕಟಕೋಳ’ ಎಂದು ನಮ್ಮ ಅಂಗಡಿಯಲ್ಲೇ ಚೀಟಿ ಅಚ್ಚು ಮಾಡಿಸಿ, ಉಳಿದಿದ್ದ ಪ್ರತಿಗಳಿಗೆಲ್ಲ ಅವರ ಪಡಸಾಲೆಯಲ್ಲಿ ಕುಳಿತು ಎರಡು ದಿನ ಅಂಟಿಸಿದೆ, ಕೊನೆಯ ನುಡಿಯನ್ನೂ ಸೇರಿಸಿ. ಮಾರಿಹೋದವು ಹೋದವು. ಗುಂಪಿನಲ್ಲೂ ನನ್ನ ಹೆಸರಿನಿಂದಲೇ ಎಲ್ಲ ಬರೆದೆ. ಜಗಳಕ್ಕೆ ಇನ್ನೂರ ಹದಿನಾಲ್ಕು ಉತ್ತರ ಬಂದಿದ್ದವು. ಇದಕ್ಕೆ ಬಂದದ್ದು ಮೂರು. ಅದರಲ್ಲೊಬ್ಬ, “ಮತ್ತೊಂದ ಜಗಳಾ ಹಚ್ರಿ ಅಕ್ಕಾರ, ಮಜಾ ಬರತೈತಿ” ಎಂದು ಬರೆದಿದ್ದಾನೆ.

ವಹಿ ಇದರ ಜೊತೆಗಿದೆ, ಚೀಟಿ ಅಂಟಿಸಿದ ಒಂದು ಪುಸ್ತಕವೂ ಇದೆ. ವಹಿ ನಿಮ್ಮ ಮನೆಯದು, ತಿರುಗಿ ಕಳಿಸಬೇಡ. ಅಜ್ಜನಿಗೆ ಕೊನೆಯ ನುಡಿಯನ್ನು ನೀನೇ ಓದಿ ಹೇಳು. ನನ್ನನ್ನು ಕ್ಷಮಿಸು ಎಂದು ಕೇಳಲು ನನಗೆ ಬಾಯಿಲ್ಲ, ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ದಪ್ಪು ನೆಲಕ್ಕಿಟ್ಟು ಕುಳಿತಿರುವ
ನಿನ್ನ ಶೈಲಾ

ತಾ.ಕ.: ಪಾಕೀಟು ಅಂಟಿಸಿದ್ದೆ, ಮತ್ತೆ ಹರಿದೆ. ಅಬ್ರಾರ ಹೋದ ದಿನ ಟ್ರಂಕು ತೆಗೆದೆ ಎಂದು ಮೇಲೆ ಬರೆದದ್ದು ಸುಳ್ಳು, ಅವರಿಗೆ ಹೇಳಿದ್ದೂ ಸುಳ್ಳು. ಜನವರಿಯಲ್ಲಿ ನೀನು ‘ನೋಡಿ ಹೇಳ’ ಎಂದು ಬರೆದ ಸಂಜೆಯೇ ಟ್ರಂಕು ತೆಗೆದಿದ್ದೆ. ಆ ನುಡಿಯನ್ನು ಎರಡು ಸಲ ಓದಿದೆ. ವಹಿಯನ್ನು ಸೀರೆಗಳ ಕೆಳಗೆ ಮೊದಲಿದ್ದಂತೆಯೇ ಇಟ್ಟು, ಕೆಫೆಗೆ ಹೋಗಿ ‘ಹಾಡಿದವನ ಪದಾ’ ಎಂಬ ಆ ಎರಡು ಸಾಲು ಬರೆದೆ. ಅಜ್ಜ ಮತ್ತೆ ಕೇಳಿದರೆ, ನೋಡಿದ್ದಳು ಎಂದು ಹೇಳು.