ಬಂದೂಕಿನ ಕುತ್ತಿಗೆ

ಪ್ರೀತಿಯ ನಾದಿನಿಗೆ,

ಹಾಸ್ಟೆಲಿಗೆ ಹೋದ ಮೇಲೆ ನೀನು ಫೋನೇ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನಿನ್ನ ಕೈಜಾರಿ ಮೆಟ್ಟಿಲ ಮೇಲೆ ಬಿದ್ದು ಸೀಳಿದ ನಿಮ್ಮಪ್ಪನ ಹಳೇ ಬಂದೂಕನ್ನು ನನ್ನ ಮರಗೆಲಸದ ಮೇಜಿನ ಮೇಲೆ ಬಿಚ್ಚಿ ನೋಡಿದೆ. ಮರದ ಹಿಡಿ ಸಣ್ಣಗಾಗುವ ಕುತ್ತಿಗೆಯಲ್ಲಿ ಎಳೆಗಳು ಉದ್ದಕ್ಕೆ ಸಾಗದೆ ಓರೆಯಾಗಿ ಹಾದುಹೋಗಿವೆ. ಅಂಥ ಕಡೆ ಮರಕ್ಕೆ ಬಲವಿರುವುದಿಲ್ಲ. ನೀನು ಬೀಳಿಸದಿದ್ದರೂ ಒಂದಲ್ಲ ಒಂದು ದಿನ ಗುಂಡಿನ ಒದೆತಕ್ಕೇ ಸೀಳುತ್ತಿತ್ತು.

ಬಿರುಕಿನೊಳಗೆ ತೆಳು ಅಂಟು ಇಳಿಸಿ, ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದೆ. ಒಣಗಿದ ಮೇಲೆ ಅಡ್ಡಲಾಗಿ ಗಟ್ಟಿಮರದ ಕಡ್ಡಿಯೊಂದನ್ನು ಕೂರಿಸಿದೆ. ಸಹಾಯಕ್ಕೆ ಬಂದ ನಿನ್ನಣ್ಣ ಬೆರಳನ್ನೇ ಅಂಟಿಸಿಕೊಂಡರು. ಬಿಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ನಿನ್ನೆ ಮಾವ ಅದನ್ನು ಗುರಿ ಅಭ್ಯಾಸದ ಮೈದಾನಕ್ಕೆ ಒಯ್ದು ಗುಂಡು ಹಾರಿಸಿದರು. ಬಿರುಕು ಬಾಯಿ ಬಿಡಲಿಲ್ಲ. "ಇನ್ಮೇಲೆ ಬಂದೂಕು ಮುಟ್ಟಬೇಡ" ಎಂದು ಅವತ್ತು ನಿನ್ನ ಮೇಲೆ ಕೂಗಾಡಿದವರು ಹಿಡಿಯನ್ನು ಮೆಲ್ಲಗೆ ಒರೆಸಿದರು. ಕೆನ್ನೆ ಒರಗುವ ಜಾಗವನ್ನು ನಿಮ್ಮ ಅಳತೆಗೆ ಕೆತ್ತಲೇ ಎಂದು ಕೇಳಿದೆ. "ನನ್ನ ಅಳತೆ ಯಾಕಮ್ಮ? ಅವಳ ಕೆನ್ನೆಗೆ ಸರಿಯಾಗಿ ಕೆತ್ತು. ಶೂಟಿಂಗ್ ಸ್ಪರ್ಧೆಗೆ ಹೋಗೋದು ಅವಳು ತಾನೇ?" ಅಂದರು.

ಭಾನುವಾರ ಬಾ. ಕೆನ್ನೆ ಒರಗುವ ಜಾಗಕ್ಕೆ ಉಳಿ ಮುಟ್ಟಿಸದೆ ಕಾಯುತ್ತಿದ್ದೇನೆ.

ನಿನ್ನ ಅತ್ತಿಗೆ