ಹವಳಕ್ಕೆ ಬಿದ್ದ ಹೆಚ್ಚುವರಿ ಹನಿ

ಅಕ್ಕೂರು
೧೬-೯-೨೦೨೫

ಪ್ರೀತಿಯ ಯಜಮಾನರಿಗೆ,

ಕಾರವಾರದ ಬಂದರಿನಲ್ಲಿ ಕ್ರೇನು ರಿಪೇರಿ ಮಾಡಿಕೊಂಡು ಆರೋಗ್ಯವಾಗಿದ್ದೀರಾ? ಸೊಂಟನೋವು ಹೇಗಿದೆ? ಫೋನಿನಲ್ಲಿ ನಿಮ್ಮಪ್ಪನ ಹೆಸರೆತ್ತಿದ ಕೂಡಲೇ ಕಟ್ ಮಾಡುತ್ತೀರಿ, ಅದಕ್ಕೇ ಈ ಕಾಗದ. ಇದನ್ನು ಪೂರ್ತಿ ಓದಲೇಬೇಕು.

ನೀವು ಹವಳ ಸಾಕಿರುವ ಗಾಜಿನ ತೊಟ್ಟಿಯ ವಿಷಯ. ಮೂರು ವಾರದಿಂದ ನೇರಳೆ ಹವಳ ಮುದುಡಿಕೊಂಡು ಕೂತಿದೆ. ನೀರು ಪರೀಕ್ಷಿಸುವ ಕಿಟ್‌ನಲ್ಲಿ ನೋಡಿದರೆ ಕ್ಯಾಲ್ಸಿಯಂ ಸರಿಯಾಗಿದೆ, ಅಯೋಡಿನ್ ಮಾತ್ರ ಇರಬೇಕಾದ್ದಕ್ಕಿಂತ ಎರಡರಷ್ಟು. ನಾನಂತೂ ನೀವು ಗೋಡೆಗೆ ಅಂಟಿಸಿದ ಚೀಟಿಯ ಪ್ರಕಾರ ದಿನಾ ಸಂಜೆ ಅಯೋಡಿನ್ ಔಷಧಿ ಎರಡೇ ಹನಿ ಹಾಕುತ್ತಿದ್ದೆ. ಹಾಗಾದರೆ ಮಿಕ್ಕಿದ್ದು ಯಾರ ಕೈಚಳಕ? ಮೊದಲು ಅತ್ತೆಯ ಮೇಲೆ ಅನುಮಾನ ಬಂತು. ಸಮುದ್ರ ಅಂದರೆ ಉಪ್ಪು ತಾನೇ ಅಂತ ಅಡುಗೆಯ ಅಯೋಡಿನ್ ಉಪ್ಪು ಸುರಿದಿರಬಹುದೆಂದು ಎರಡು ದಿನ ಉಪ್ಪಿನ ಡಬ್ಬಿ ಕಾದೆ. ಪಾಪ, ಅವರು ಆ ಕೋಣೆಗೆ ಕಾಲೇ ಇಡುವುದಿಲ್ಲ. ಉಳಿದವರು ಮಾವ. ರೇಷ್ಮೆಹುಳದ ಮನೆಯಲ್ಲಿ ತೊಟ್ಟಿ ಇಟ್ಟ ದಿನ "ಹುಳದ್ ಮನೇಲಿ ಉಪ್ಪುನೀರಾ? ಒಡ್ದಾಕ್ಬುಡ್ತೀನಿ ಕಣ್ಲಾ" ಅಂದವರು, ನಿಮ್ಮ ಜೊತೆ ಮಾತು ಬಿಟ್ಟು ಎಂಟು ತಿಂಗಳಾದವರು. ಒಡೆಯುವ ಬದಲು ಸದ್ದಿಲ್ಲದೆ ಸಾಯಿಸುತ್ತಿದ್ದಾರೆ ಅಂತ ಹೊಟ್ಟೆ ಉರಿದುಹೋಯಿತು. ಅಯೋಡಿನ್ ಬಾಟಲಿಯಲ್ಲಿ ಔಷಧಿ ಇದ್ದ ಮಟ್ಟಕ್ಕೆ ನನ್ನ ಸ್ಟಿಕ್ಕರ್ ಬೊಟ್ಟು ಅಂಟಿಸಿ, ನಾನು ಹನಿ ಹಾಕುವುದನ್ನೇ ನಿಲ್ಲಿಸಿದೆ. ವಾರ ಕಳೆಯುವಷ್ಟರಲ್ಲಿ ಔಷಧಿ ಬೊಟ್ಟಿನಿಂದ ಕೆಳಗಿಳಿದಿತ್ತು!

ನಿನ್ನೆ ಬೆಳಗ್ಗೆ ಬಾಗಿಲ ಹಿಂದೆ ನಿಂತು ಕಾದೆ. ಸೊಪ್ಪು ಕುಯ್ಯಲು ಹೊರಟಿದ್ದ ಮಾವ ಒಳಗೆ ಬಂದರು. ಕೈ ತೊಳೆದು ಒರೆಸಿಕೊಂಡರು, ಚೀಟಿ ಓದಿದರು, ಬಾಯಲ್ಲೇ ಎಣಿಸುತ್ತಾ ಎರಡು ಹನಿ ಬಿಟ್ಟರು. ನನ್ನನ್ನು ಕಂಡು ಬೆಚ್ಚಿ, "ನೀನು ಮರ್ತ್ಬುಡ್ತೀಯ ಅಂತ ಹಾಕ್ದೆ ಕಣವ್ವಾ. ಈ ಹವಳಾನೂ ಹುಳಾನೇ ಅಂತಲ್ಲವ್ವಾ. ಹುಳ ಸಾಕ್ದೋನು ಅವುನ್ನ ಉಪಾಸ ಕೆಡವೋಕಾಯ್ತದಾ?" ಅಂದರು. ನಾನು ಅವರನ್ನು ಕಳ್ಳ ಅಂದುಕೊಂಡಿದ್ದೆ, ಅವರು ನನ್ನನ್ನು ಮರೆಗುಳಿ ಅಂದುಕೊಂಡಿದ್ದರು. ನಾಚಿಕೆಯೂ ಆಯಿತು, ಅಳುವೂ ಬಂತು. ಇಬ್ಬರೂ ಸೇರಿ ಒಂದಿಷ್ಟು ನೀರು ಬದಲಾಯಿಸಿದ್ದೇವೆ, ಸದ್ಯಕ್ಕೆ ಹನಿ ನಿಲ್ಲಿಸಿದ್ದೇವೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಬಿಸಿಲಲ್ಲಿ ಬರಿತಲೆಯಲ್ಲಿ ನಿಲ್ಲಬೇಡಿ.

ನಿಮ್ಮ
ರಮ್ಯಾ

ತಾ.ಕ.: ಇನ್ನು ಮೇಲೆ ಭಾನುವಾರ ತೊಟ್ಟಿಯ ರೀಡಿಂಗ್ ಕೇಳಲು ನನಗೆ ಫೋನ್ ಮಾಡಬೇಡಿ, ಹೇಳುವುದಿಲ್ಲ. ಕಿಟ್ ಮಾವನ ಕೈಗೆ ಕೊಟ್ಟಿದ್ದೇನೆ, ಬೇಕಾದರೆ ಅವರನ್ನೇ ಕೇಳಿ. ಈ ಕಾಗದ ಇನ್ನೂ ಅಂಚೆಗೆ ಬಿದ್ದಿಲ್ಲ, ಆಗಲೇ ಎರಡು ಸಲ "ನೆಟ್‌ವರ್ಕು ಐತಾ ಒಸಿ ನೋಡವ್ವಾ" ಅಂತ ಮಾವ ತಮ್ಮ ಫೋನ್ ಹಿಡಿದುಕೊಂಡು ಬಂದರು.